ಒರೆಸಬಾರದಿದ್ದ ಗಾಜು

ನನ್ನ ಮೇಜಿನ ಮೇಲೆ ಒಂದು ಹಳದಿ ಬಟ್ಟೆಯ ತುಂಡು ಇದೆ. ಕನ್ನಡಕ ಕೊಂಡಾಗ ಡಬ್ಬಿಯ ಜೊತೆ ಪುಕ್ಕಟೆ ಕೊಡುತ್ತಾರಲ್ಲ, ಅಂಥದ್ದು. ಮೆತ್ತಗಿದೆ. ಅಂಚು ಹಲ್ಲುಹಲ್ಲಾಗಿ ಕತ್ತರಿಸಿದೆ. ಮೂಲೆಯಲ್ಲಿದ್ದ ಅಂಗಡಿಯ ಹೆಸರು ಒಗೆದು ಒಗೆದು ಅಳಿಸಿಹೋಗಿದೆ. ಇದನ್ನು ಕಂಡು ಯಾರಿಗೂ ಏನೂ ಅನ್ನಿಸಲಾರದು. ನನಗೆ ಮಾತ್ರ ಬೆಳಗ್ಗೆ ಇದನ್ನು ಕೈಗೆತ್ತಿಕೊಳ್ಳುವಾಗ ಯಾರದೋ ಚಪ್ಪಲಿ ಹಾಕಿಕೊಂಡ ಹಾಗೆ ಆಗುತ್ತದೆ. ಇದು ಇರಬೇಕಾದ ಜಾಗ ಅಪ್ಪನ ಅಂಗಿಯ ಜೇಬು.

ಅಪ್ಪ ಶಿವಾಜಿನಗರದಲ್ಲಿ ಗನಿ ಸಾಹೇಬರು ಎಂಬವರ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡಿ ನಿವೃತ್ತರಾದವರು. ಮುಂದಿನ ಕಟ್ಟೆಯಲ್ಲಿ ಸಾಹೇಬರು ಕೂತು ಗಿರಾಕಿಗಳ ಮೂಗಿಗೆ ಒಪ್ಪುವ ಫ್ರೇಮು ಹುಡುಕುತ್ತಿದ್ದರು. ಹಿಂದೆ ಪರದೆಯ ಆಚೆ ಅಪ್ಪ ಕೂತು ದುಂಡನೆಯ ಗಾಜನ್ನು ನೀರು ಬೀಳುವ ಚಕ್ರಕ್ಕೆ ಹಿಡಿದು ಫ್ರೇಮಿನ ಆಕಾರಕ್ಕೆ ಸವೆಸುತ್ತಿದ್ದರು. ಆ ಜಾಗಕ್ಕೆ ಒದ್ದೆ ಕಲ್ಲಿನ ವಾಸನೆ. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಗೋಡೆಗೆ ಕನ್ನಡ, ತಮಿಳು, ಉರ್ದು, ಇಂಗ್ಲಿಷು ನಾಲ್ಕರ ಅಕ್ಷರಗಳ ಪಟಗಳು ನೇತಾಡುತ್ತಿದ್ದವು. ಬೇರೆ ಮಕ್ಕಳು ಮಗ್ಗಿ ಬಾಯಿಪಾಠ ಮಾಡುವ ವಯಸ್ಸಿನಲ್ಲಿ ನಾನು ಆ ಪಟಗಳನ್ನು ಬಾಯಿಪಾಠ ಮಾಡಿಬಿಟ್ಟಿದ್ದೆ. ಅದರ ಫಲವಾಗಿ, ನನ್ನ ಕಣ್ಣು ಪರೀಕ್ಷೆ ಮಾಡಿಸಿದಾಗ ಕೊನೆಯ ಸಾಲಿನವರೆಗೂ ಗಡಗಡ ಓದಿ, ಕಣ್ಣು ಬಹಳ ಚೆನ್ನಾಗಿದೆ ಎಂದು ಎಲ್ಲರನ್ನೂ ನಂಬಿಸಿ, ಮಾರನೆಯ ದಿನ ರಸ್ತೆಯಲ್ಲಿ ನಿಂತಿದ್ದ ಎಮ್ಮೆಗೆ ಡಿಕ್ಕಿ ಹೊಡೆದೆ. ಆಮೇಲೆ ಬಂದ ಕನ್ನಡಕ ಇನ್ನೂ ನನ್ನ ಮೂಗು ಬಿಟ್ಟಿಲ್ಲ.

ಆ ಅಂಗಡಿಯದೊಂದು ಕಟ್ಟುಪಾಡು ಇತ್ತು. ಹೊರಗೆ ಹೋಗುವ ಗಾಜಿನ ಮೇಲೆ ಬೆರಳಿನ ಗುರುತು ಇರಬಾರದು, ನೀರಿನ ಕಲೆ ಇರಬಾರದು, ಮಬ್ಬು ಇರಬಾರದು. ಅಪ್ಪ ಗಾಜಿನ ಮೇಲೆ 'ಹಾ' ಎಂದು ಬಿಸಿಯುಸಿರು ಬಿಟ್ಟು, ಹಳದಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ, ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದು ನೋಡಿಯೇ ಪರದೆಯ ಈಚೆಗೆ ಕೊಡುತ್ತಿದ್ದದ್ದು. ಸುತ್ತಿಸಿ ಒರೆಸುವವರನ್ನು ಕಂಡರೆ ಅವರಿಗಾಗದು. ನಾನು ಹಾಗೆ ಮಾಡಿದಾಗಲೆಲ್ಲ, "ದೋಸೆ ಹುಯ್ತಿದೀಯೇನೇ? ಕೊಡಿಲ್ಲಿ!" ಎಂದು ಕಿತ್ತುಕೊಳ್ಳುತ್ತಿದ್ದರು.

ಕಟ್ಟುಪಾಡು ಅಂಗಡಿಯಲ್ಲೇ ಉಳಿದಿದ್ದರೆ ಚಿಂತೆ ಇರಲಿಲ್ಲ. ಅದು ಅಪ್ಪನ ಕೈಗೆ ಅಂಟಿಕೊಂಡು ಊರೆಲ್ಲ ತಿರುಗಿತು. ಗಾಜು ಎಲ್ಲಿ ಕಂಡರೂ ಅವರಿಗೆ ಒರೆಸಬೇಕು. ದೇವರ ಪಟ, ಗಡಿಯಾರದ ಮುಖ, ಪಕ್ಕದ ಮನೆಯವರ ಶೋಕೇಸು, ಒಂದೂ ಬಿಡರು. ಮದುವೆಮನೆಯಲ್ಲಿ ಪರಿಚಯವೇ ಇಲ್ಲದ ಹಿರಿಯರ ಮುಂದೆ ನಿಂತು, "ಒಂದ್ನಿಮಿಷ ಕೊಡಿ ಸಾರ್ ಇಲ್ಲಿ" ಎಂದು ಮೂಗಿನ ಮೇಲಿನ ಕನ್ನಡಕ ಎತ್ತಿಕೊಂಡೇಬಿಡುವರು. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರರ ಕನ್ನಡಕ ತೆಗೆದುಕೊಂಡು ಒರೆಸತೊಡಗಿದರು. ಕಂಡಕ್ಟರರಿಗೆ ಕಣ್ಣು ಕಾಣದೆ ಸೀಟಿ ಊದುವುದು ಮರೆತು, ನಾವೆಲ್ಲ ಹಲಸೂರಿನಲ್ಲಿ ಇಳಿಯಬೇಕಾದವರು ಇಂದಿರಾನಗರದ ಹತ್ತಿರ ಇಳಿದು ನಡೆದು ಬಂದೆವು.

ನನ್ನನ್ನು ನೋಡಲು ಗಂಡು ಬಂದ ದಿನದ ಕಥೆಯನ್ನಂತೂ ಅಮ್ಮ ಇವತ್ತಿಗೂ ಬಿಟ್ಟಿಲ್ಲ. ಹುಡುಗನಿಗೂ ಕನ್ನಡಕ. ನಾನು ಕಾಫಿ ತಟ್ಟೆ ಹಿಡಿದು ಹೊರಗೆ ಬರುವುದಕ್ಕೂ ಅಪ್ಪ ಆತನ ಕನ್ನಡಕ ಕಳಚಿಕೊಳ್ಳುವುದಕ್ಕೂ ಸರಿಹೋಯಿತು. ಆತ ಕಣ್ಣು ಕಿರಿದು ಮಾಡಿಕೊಂಡು ನಾನಿರಬಹುದಾದ ದಿಕ್ಕಿಗೆ ನಕ್ಕ. ಆಮೇಲೆ ತಿಳಿಸುತ್ತೇವೆ ಎಂದು ಹೋದವರು ಇನ್ನೂ ತಿಳಿಸಿಲ್ಲ. "ಕನ್ನಡಕ ಕಿತ್ಕೊಂಡು ನನ್ ಮಗಳ ಮದ್ವೆ ಕೆಡಿಸಿದ್ರಿ" ಎನ್ನುವುದು ಅಮ್ಮನ ವಾದ. ಒರೆಸಿ ವಾಪಸು ಕೊಟ್ಟ ಮೇಲೆ ಸ್ಪಷ್ಟವಾಗಿ ಕಂಡಿದ್ದರಿಂದಲೇ ಕೆಟ್ಟಿತು ಎನ್ನುವುದು ನನ್ನದು. ಅಂತೂ ಜೋಗುಪಾಳ್ಯದ ಈ ಮನೆಯಲ್ಲಿ ನಾವು ಮೂವರೇ ಉಳಿದೆವು, ಅಪ್ಪ, ಅಮ್ಮ, ನಾನು. ಇದರಿಂದ ನನಗೆ ನಷ್ಟವೇನೂ ಆಗಲಿಲ್ಲ. ನನ್ನ ಕೂದಲು ನರೆತ ಮೇಲೂ ದಿನಾ ಬೆಳಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅಪ್ಪ ಬಾಗಿಲಲ್ಲಿ ಅಡ್ಡ ನಿಂತು, ನನ್ನ ಕನ್ನಡಕ ತೆಗೆದು, 'ಹಾ' ಎಂದು ಊದಿ, ಒರೆಸಿ, ಬೆಳಕಿಗೆ ಹಿಡಿದು, ತಾವೇ ನನ್ನ ಕಿವಿಗೆ ಸಿಕ್ಕಿಸುತ್ತಿದ್ದರು. ಅವರ ಮುಖ ಮೊದಲು ಮಬ್ಬಾಗಿ ಆಮೇಲೆ ಚೊಕ್ಕಟವಾಗಿ ಕಾಣುವುದು, ಅಲ್ಲಿಂದ ನನ್ನ ದಿನ ಶುರು. ಬಸ್ಸು ತಪ್ಪುತ್ತದೆ ಎಂದು ನಾನು ಸಿಡಿಮಿಡಿಗೊಳ್ಳುತ್ತಿದ್ದದ್ದೂ ಉಂಟು.

ನನ್ನ ಕೆಲಸ ಏನೆಂದು ಹೇಳಬೇಕು. ಹೇಳುವುದು ಕಷ್ಟ. ಸಿ.ವಿ. ರಾಮನ್ ನಗರದ ಕಡೆ ಒಂದು ಸಂಶೋಧನಾಲಯದಲ್ಲಿ ನಾನು ಬಣ್ಣವಿಲ್ಲದ ವಸ್ತುವಿನಿಂದ ಬಣ್ಣ ಬರಿಸುತ್ತೇನೆ. ಥರ್ಮಾಕೋಲ್ ಯಾವ ಪ್ಲಾಸ್ಟಿಕ್ಕಿನಿಂದ ಆಗುತ್ತದೋ ಅದೇ ಪ್ಲಾಸ್ಟಿಕ್ಕಿನ ಗೋಲಿಗಳು ನಮ್ಮ ಸಾಮಗ್ರಿ. ಗೋಲಿ ಎಂದರೆ ಬೀದಿಯಲ್ಲಿ ಆಡುವ ಗೋಲಿಯಲ್ಲ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸರಿಯಾಗಿ ಸಿಗದಷ್ಟು ಸಣ್ಣವು, ಆದರೆ ಎಲ್ಲವೂ ಒಂದೇ ಗಾತ್ರ. ನೀರಿನಲ್ಲಿ ಬೆರೆಸಿದರೆ ನೀರು ಹೆಚ್ಚಾದ ಹಾಲಿನ ಹಾಗೆ ಕಾಣುತ್ತವೆ. ಅದರಲ್ಲಿ ಬೆರಳಗಲದ ಒಂದು ಗಾಜಿನ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕುತ್ತೇವೆ. ನೀರು ನಿಧಾನವಾಗಿ ಆರುತ್ತ ಆರುತ್ತ ಗೋಲಿಗಳು ತಾವಾಗಿಯೇ ಗಾಜಿನ ಮೇಲೆ ಬಂದು ಸಾಲುಸಾಲಾಗಿ, ಪದರಪದರವಾಗಿ ಕೂರುತ್ತವೆ. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಮೋಸಂಬಿ ಜೋಡಿಸಿಟ್ಟಿರುತ್ತಾರಲ್ಲ, ಥೇಟ್ ಹಾಗೆ. ಜೋಡಣೆ ಒಪ್ಪವಾಗಿದ್ದರೆ, ಅದರೊಳಗೆ ನುಗ್ಗಿದ ಬೆಳಕಿನಲ್ಲಿ ಒಂದು ಬಣ್ಣ ಮಾತ್ರ ಒಗ್ಗೂಡಿ ಹೊರಗೆ ಚಿಮ್ಮುತ್ತದೆ. ಗೋಲಿ ದೊಡ್ಡದಾದರೆ ಕೆಂಪು, ಸಣ್ಣದಾದರೆ ನೀಲಿ, ನಡುವೆ ಹಸಿರು. ಇದಕ್ಕೆ ಫೋಟಾನಿಕ್ ಕ್ರಿಸ್ಟಲ್ ಎಂದು ಹೆಸರು. ಬೆಳಕಿನ ಹರಳು ಎನ್ನೋಣ. ಮುಂದೆ ಇದರಿಂದ ಏನೇನೋ ಆಗಲಿದೆ ಎಂದು ಅನುದಾನದ ಅರ್ಜಿಯಲ್ಲಿ ಬರೆಯುತ್ತೇವೆ. ನಿಜ ಹೇಳಬೇಕೆಂದರೆ ನಾನು ಇದಕ್ಕೆ ಬಿದ್ದದ್ದು ಆ ಹಸಿರಿಗಾಗಿ.

ಅದರ ಬೇರು ಇರುವುದೂ ಗನಿ ಸಾಹೇಬರ ಅಂಗಡಿಯ ಎದುರಿನ ಸಜ್ಜೆಯಲ್ಲೇ. ಅಲ್ಲಿ ಪಾರಿವಾಳಗಳು ಕೂರುತ್ತಿದ್ದವು. ಅವು ಕತ್ತು ತಿರುಗಿಸಿದರೆ ಹಸಿರು, ಇನ್ನೊಂದು ಕಡೆ ತಿರುಗಿಸಿದರೆ ನೇರಳೆ. ಒಂದು ದಿನ ಕತ್ತಿನ ಪುಕ್ಕವೊಂದು ಕೆಳಗೆ ಬಿದ್ದದ್ದು ಸಿಕ್ಕಿತು. ಹಸಿರನ್ನು ಹಿಂಡಿ ತೆಗೆದು ನನ್ನ ಚಿತ್ರದ ಪುಸ್ತಕಕ್ಕೆ ಬಳಿಯಬೇಕೆಂದು ನೀರು ಹಾಕಿ ಕಲ್ಲಿನಿಂದ ಜಜ್ಜಿದೆ. ಬೂದಿ ಬಣ್ಣದ ರಾಡಿ ಬಂತೇ ಹೊರತು ಹಸಿರು ಬರಲಿಲ್ಲ. ಬಣ್ಣ ಎಲ್ಲಿ ಹೋಯಿತೆಂದು ಅತ್ತೆ. ಗನಿ ಸಾಹೇಬರು, "ರೋ ನಕ್ಕೋ ಬೇಟಿ, ಅಳಬೇಡ, ಅದು ಹಾರಿಹೋಗಿ ಬೇರೆ ಪಾರಿವಾಳದ ಮೇಲೆ ಕೂತದೆ ನೋಡು" ಎಂದು ಸಜ್ಜೆ ತೋರಿಸಿದರು. ಭೌತಶಾಸ್ತ್ರದ ಪ್ರಕಾರ ಇದು ತಪ್ಪು. ಸಮಾಧಾನಕ್ಕೆ ಸಾಕಾಗಿತ್ತು.

ಮನೆಯಲ್ಲಿ ನನ್ನ ಕೆಲಸವನ್ನು ವಿವರಿಸಿದಾಗ ಅಪ್ಪ ಗಂಭೀರವಾಗಿ ಕೇಳಿ, "ಅವು ತಾವೇ ಬಂದು ಕೂತ್ಕೊಳ್ತವೆ ಅಂದ್ರೆ ನಿನಗ್ಯಾಕಮ್ಮ ಸಂಬಳ?" ಎಂದಿದ್ದರು. ಅಮ್ಮನಿಗೆ ಬೇಗ ಅರ್ಥವಾಯಿತು. "ಮೊಸರಿಗೆ ಹೆಪ್ಪು ಹಾಕ್ದಂಗೆ ಕಣ್ರೀ. ಅಲ್ಲಾಡಿಸದೆ ಕಾಯ್ಬೇಕು, ಅದಕ್ಕೇ ಸಂಬಳ." ಅಷ್ಟೇ. ಆದರೆ ಮೊಸರಿನಷ್ಟು ಒಳ್ಳೆಯ ಬುದ್ಧಿ ಈ ಗೋಲಿಗಳಿಗಿಲ್ಲ. ಹೊರಗೆ ರಸ್ತೆ ಅಗೆದರೆ ಮುನಿಸು, ಪಂಪು ಓಡಿದರೆ ಮುನಿಸು, ಮಳೆ ಬಂದು ಗಾಳಿ ತೇವವಾದರೆ ಮುನಿಸು. ಬಾಗಿಲು ತೆಗೆದು ನೋಡಿದರೆ ಗಾಜಿನ ಮೇಲೆ ಪಟ್ಟೆಪಟ್ಟೆ ಬಿಳುಪು, ಇಲ್ಲವೇ ಬತ್ತಿದ ಕೆರೆಯಂಗಳದ ಹಾಗೆ ಬಿರುಕು. ನಮ್ಮಲ್ಲಿ ಕೆಲಸ ಮಾಡುವ ಕಲಬುರಗಿ ಕಡೆಯ ಶರಣು ಬೆಳಿಗ್ಗೆ ಬಂದವನೇ, "ಮೇಡಂ, ನಿಮ್ಮ ಗಿಳಿ ಇವತ್ತರ ಬಂತೇನ್ರಿ?" ಎಂದು ಕೇಳುವನು. ಆ ಹಸಿರಿಗೆ ಅವನಿಟ್ಟ ಹೆಸರು ಅದು. ಗಿಳಿ ಬರುತ್ತಿರಲಿಲ್ಲ.

ಒಂದು ವರ್ಷ ನವರಾತ್ರಿಯ ಹೊತ್ತಿಗೆ ಬಂತು. ಪೆಟ್ಟಿಗೆಯಿಂದ ತೆಗೆದ ಗಾಜು ಎದುರಿಗೆ ಹಿಡಿದರೆ ಬರೀ ಹಾಲಿನ ಮಬ್ಬು. ಸ್ವಲ್ಪ ವಾಲಿಸಿದೆ, ಇಡೀ ಪಟ್ಟಿ ಗಿಳಿಹಸಿರಾಗಿ ಹೊತ್ತಿಕೊಂಡಿತು. ಬಿರುಕು ಕಾಣಲಿಲ್ಲ, ಪಟ್ಟೆ ಕಾಣಲಿಲ್ಲ. ಶರಣು ಎದ್ದು ನಿಂತ, ಅವನ ಮಟ್ಟಿಗೆ ಅದು ದೊಡ್ಡ ಗೌರವ. ಇಂಥ ಗಾಜನ್ನು ಆಮೇಲೆ ಹದವಾಗಿ ಬಿಸಿ ಮಾಡಬೇಕು. ಆಗ ಗೋಲಿಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ. ಅಲ್ಲಿಯವರೆಗೆ ಅವು ಸುಮ್ಮನೆ ಗಾಜಿಗೆ ಆತು ಕೂತಿರುತ್ತವೆ, ನೀರು ತಾಗಿದರೂ ಸಾಕು, ಜಾರಿಹೋಗುತ್ತವೆ. ಆದರೆ ಬಿಸಿ ಮಾಡಿದರೆ ಬಣ್ಣ ಕೊಂಚ ನೀಲಿಯತ್ತ ಸರಿಯುತ್ತದೆ. ಮೊದಲು ಈ ಹಸಿರನ್ನು ಇದ್ದಂತೆಯೇ ಅಳೆದು ಆಮೇಲೆ ಬಿಸಿ ಮಾಡೋಣ, ಅಳೆಯುವ ಉಪಕರಣ ಹಬ್ಬದ ರಜೆ ಮುಗಿದ ಮೇಲೆ ಸಿಗುತ್ತದೆ ಎಂದು ಹಾಗೆಯೇ ಇಟ್ಟೆ.

ನಮ್ಮ ಮನೆಯಲ್ಲಿ ಆಯುಧ ಪೂಜೆ ದೀಪಾವಳಿಗಿಂತ ದೊಡ್ಡ ಹಬ್ಬ. ಗನಿ ಸಾಹೇಬರ ಅಂಗಡಿಯಲ್ಲೂ ಆ ದಿನ ಚಕ್ರಕ್ಕೆ ರಜ. ಅಪ್ಪ ಚಕ್ರ ತೊಳೆದು ಕುಂಕುಮ ಇಡುತ್ತಿದ್ದರೆ ಸಾಹೇಬರು ಬಾಗಿಲಲ್ಲಿ ನಿಂತು, "ಸೀನಪ್ಪ, ಕುಂಕುಮ ಜಾಸ್ತಿ ನಕ್ಕೋ, ನಾಳೆ ಗಾಜಿಗೆ ಹತ್ತ್‌ತದೆ" ಎಂದು ಎಚ್ಚರಿಸಿ, ಕಡಲೆಪುರಿಯನ್ನು ಮಾತ್ರ ಎಚ್ಚರವಿಲ್ಲದೆ ತಿನ್ನುತ್ತಿದ್ದರು. ನಿವೃತ್ತರಾದ ಮೇಲೆ ಅಪ್ಪ ತಮ್ಮ ಇಕ್ಕಳ, ಸಣ್ಣ ತಿರುಪುಳಿಗಳನ್ನು ಮನೆಯಲ್ಲೇ ಮಣೆಯ ಮೇಲಿಟ್ಟು ಪೂಜೆ ಮಾಡತೊಡಗಿದರು. ಅಮ್ಮನ ಈಳಿಗೆಮಣೆ, ಮಿಕ್ಸಿ ಅವುಗಳ ಪಕ್ಕಕ್ಕೆ ಬಂದು ಕೂರುತ್ತಿದ್ದವು. ಪೂಜೆಗೆ ಇಡುವ ಪ್ರತಿಯೊಂದನ್ನೂ ಅಪ್ಪ ತಾವೇ ತೊಳೆಯಬೇಕು. ತೊಳೆಯದ ಆಯುಧಕ್ಕೆ ಕುಂಕುಮ ಇಟ್ಟರೆ ಅದು ಪೂಜೆಯಲ್ಲ, ಲಂಚ ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ನನ್ನ ಜಾಮೆಟ್ರಿ ಡಬ್ಬಿಗೆ ಅಲ್ಲಿ ಜಾಗ ಇತ್ತು. ಕೆಲಸಕ್ಕೆ ಸೇರಿದ ಮೇಲೆ ನನ್ನದೆಂದು ಇಡಲು ಏನೂ ಇಲ್ಲವಾಯಿತು. "ಇಷ್ಟೆಲ್ಲ ಓದಿದೀಯ, ನಿನ್ ಕೆಲಸಕ್ಕೆ ಒಂದು ಆಯುಧ ಇಲ್ವೇನಮ್ಮ? ನೀನ್ ಮಾಡೋ ಆ ಗಾಜನ್ನಾದ್ರೂ ತಂದಿಡು, ಒಂದ್ಸಲ ನೋಡೋಣ" ಎಂದು ಪ್ರತಿವರ್ಷ ಕೇಳುತ್ತಿದ್ದರು. ಬಿರುಕು ಬಿಟ್ಟದ್ದನ್ನು ಗಾಜಿನವರ ಮುಂದೆ ಹೇಗೆ ತೋರಿಸುವುದು? ಮುಂದಿನ ವರ್ಷ, ಮುಂದಿನ ವರ್ಷ ಎಂದು ತಳ್ಳುತ್ತ ಬಂದಿದ್ದೆ.

ಆ ವರ್ಷ ತಂದೆ. ಹತ್ತಿ ಹಾಸಿದ ಡಬ್ಬಿಯಲ್ಲಿ ಮಲಗಿಸಿ, ಬಸ್ಸಿನಲ್ಲಿ ಬಾಣಂತಿಯ ಹಾಗೆ ಕೂತು ಮನೆಗೆ ತಂದೆ. ಬಾಗಿಲಲ್ಲೇ ಅಪ್ಪ, "ಎಲ್ಲಿ, ಎಲ್ಲಿ?" ಎಂದರು. "ಈಗ ಬೇಡಪ್ಪಾ, ನಾಳೆ ಆರತಿ ಹೊತ್ತಿಗೆ" ಎಂದೆ. ನನ್ನ ತಲೆಯಲ್ಲಿ ಒಂದು ನಾಟಕ ಸಿದ್ಧವಾಗಿತ್ತು. ದೀಪದ ಬೆಳಕು ಬೀಳುವ ಹಾಗೆ ಹಿಡಿಯುವುದು, ಮೊದಲು ಅಪ್ಪನಿಗೆ ಬರೀ ಮಬ್ಬು ಗಾಜು ಕಾಣುವುದು, ಆಮೇಲೆ ನಾನು ಮೆಲ್ಲಗೆ ವಾಲಿಸುವುದು, ಹಸಿರು ಬರುವುದು, ಅವರು ಬೆರಗಾಗುವುದು. ವಯಸ್ಸಾದರೂ ಮಕ್ಕಳಾಟ ಹೋಗುವುದಿಲ್ಲ ನೋಡಿ. ಪೂಜೆಯ ದಿನ ಬೆಳಗ್ಗೆ ಡಬ್ಬಿಯನ್ನು ಮಣೆಯ ಮೇಲಿಟ್ಟು ಬೂದುಗುಂಬಳ, ಚೆಂಡುಹೂವು ತರಲು ಹಲಸೂರಿನ ಸಂತೆಬೀದಿಗೆ ಹೋದೆ. ಜನಜಂಗುಳಿ. ಕುಂಬಳಕಾಯಿ ಹೊತ್ತು ಬರುವಷ್ಟರಲ್ಲಿ ಬಿಸಿಲು ಏರಿತ್ತು.

ಮಣೆಯ ಮೇಲೆ ಎಲ್ಲ ಒಪ್ಪವಾಗಿತ್ತು. ಇಕ್ಕಳ, ತಿರುಪುಳಿ, ಈಳಿಗೆಮಣೆ. ಅವುಗಳ ನಡುವೆ, ಎಲ್ಲಕ್ಕಿಂತ ಮುಂದೆ, ಗೌರವದ ಜಾಗದಲ್ಲಿ ನನ್ನ ಗಾಜಿನ ಪಟ್ಟಿ. ಥಳಥಳ ಹೊಳೆಯುತ್ತಿತ್ತು. ಅದರ ಮೂಲಕ ಆಚೆಗಿನ ಗೋಡೆಯ ಸುಣ್ಣ ಕಾಣುತ್ತಿತ್ತು. ಮೂಲೆಯಲ್ಲಿ ಒಂದು ಸಣ್ಣ ಕುಂಕುಮದ ಬೊಟ್ಟು.

"ಬಂದ್ಯಾ? ನೋಡು ನಿನ್ ಗಾಜು. ತುಂಬ ಮಬ್ಬು ಕಟ್ಬಿಟ್ಟಿತ್ತಮ್ಮ. ಸೋಪ್ ಹಾಕಿ ಎರಡು ಸಲ ತೊಳ್ದೆ. ಒಂದು ಗೀರಿಲ್ಲ ನೋಡು" ಎಂದು ಅಪ್ಪ ಒಂದು ಕಣ್ಣು ಮುಚ್ಚಿ ಅದನ್ನು ಬೆಳಕಿಗೆ ಹಿಡಿದು ತೋರಿಸಿದರು.

ನನ್ನ ಕಂಕುಳಲ್ಲಿದ್ದ ಕುಂಬಳಕಾಯಿಯನ್ನು ಕೆಳಗಿಡುವುದೂ ತೋಚಲಿಲ್ಲ. ಬೈಯಲಿಲ್ಲ, ಅಳಲಿಲ್ಲ, ಸುಮ್ಮನೆ ನಿಂತೆ. ಅದೇ ಸಾಕಾಯಿತು. ಜೀವಮಾನವೆಲ್ಲ ಗಿರಾಕಿಗಳ ಮುಖ ನೋಡಿದವರು ಅವರು. ಎತ್ತಿದ ಕೈ ನಿಧಾನವಾಗಿ ಇಳಿಯಿತು.

"ಅದೇ ಆಗಿತ್ತೇನಮ್ಮ? ಆ ಮಬ್ಬು?"

"ಪರವಾಗಿಲ್ಲಪ್ಪಾ, ಇನ್ನೊಂದು ಮಾಡ್ತೀನಿ" ಎಂದೆ. ಬಹಳ ಬೇಗ ಎಂದೆ. ಅಷ್ಟು ಬೇಗ ಬಂದ 'ಪರವಾಗಿಲ್ಲ'ವನ್ನು ಯಾರೂ ನಂಬುವುದಿಲ್ಲ.

"ನಿನ್ನೆನೇ ತೋರಿಸ್ಬಾರ್ದಿತ್ತಾ ನೀನು?" ಎಂದು ಅಮ್ಮ ಅಡುಗೆಮನೆಯಿಂದ ಅಂದಳು. ಯಾರು ಮಾಡಿದ್ದೂ ತಪ್ಪಲ್ಲ. ಅಪ್ಪ ಪೂಜೆಗೆ ತೊಳೆದರು, ಮಬ್ಬು ಗಾಜನ್ನು ಹಾಗೆಯೇ ಬಿಡುವುದು ಅವರ ಕೈಗೆ ಗೊತ್ತಿರಲಿಲ್ಲ. ನಾನು ಒಳ್ಳೆಯದನ್ನು ಒಳ್ಳೆಯ ಹೊತ್ತಿಗೆಂದು ಎತ್ತಿಟ್ಟೆ. ಅಪ್ಪ ಆ ಹಸಿರನ್ನು ನೋಡಲೇ ಇಲ್ಲ. ಅವರು ನೋಡಿದ್ದು ಕೊಳೆ ಮಾತ್ರ. ಅಳೆಯಲಾಗದೆ ಹೋದದ್ದಕ್ಕೆ ನನಗೆ ಒಂದು ವಾರ ಸಂಕಟವಾಗಿರಬಹುದು. ಇದರ ಸಂಕಟ ಇನ್ನೂ ಮುಗಿದಿಲ್ಲ.

ರಜೆ ಮುಗಿದ ಮೊದಲ ಬೆಳಗ್ಗೆ ಅಭ್ಯಾಸದಂತೆ ಬಾಗಿಲಲ್ಲಿ ನಿಂತು ಮುಖ ಮುಂದೆ ಮಾಡಿದೆ. ಅಪ್ಪನ ಕೈ ಮೇಲೆದ್ದಿತು. ಅರ್ಧಕ್ಕೆ ಬಂದು, ಅಲ್ಲಿಂದ ಜೇಬಿಗೆ ಹೋಗಿ, ಬಟ್ಟೆಯನ್ನು ಮುಟ್ಟಿ, ಬರಿಗೈಯಾಗಿ ಈಚೆಗೆ ಬಂತು.

"ಹೊತ್ತಾಗತ್ತೆ, ಹೊರಡು" ಎಂದರು.

ಮರೆತಿರಬೇಕು ಎಂದುಕೊಂಡೆ. ಮರುದಿನವೂ ಹಾಗೆಯೇ. ಆಮೇಲೆ ನಾನು ಹೊರಡುವ ಹೊತ್ತಿಗೆ ಅಪ್ಪ ಪೇಪರು ಹಿಡಿದು ಕೂತಿರತೊಡಗಿದರು. ಬೇರೆಯವರ ಗಾಜು ಒರೆಸುವುದನ್ನೇನೂ ಅವರು ಬಿಟ್ಟಿರಲಿಲ್ಲ. ಗನಿ ಸಾಹೇಬರು ಮೊಮ್ಮಗನ ಗಾಡಿಯಲ್ಲಿ ಫ್ರೇಜರ್ ಟೌನಿನಿಂದ ಮನೆಗೆ ಬಂದಾಗ ತಾವೇ ಕನ್ನಡಕ ತೆಗೆದು ಮುಂದೆ ಚಾಚುವರು. "ಲೇವ್ ಸೀನಪ್ಪ, ಕಣ್ಣಿನ ಪೊರೆದು ಆಪರೇಷನ್ ಆದ್ರೂ ಮಂಕೇ ಕಾಣ್ತದೆ, ಗಾಜಿಂದಾ ಕಣ್ಣಿಂದಾ ನೀನೇ ಹೇಳು." ಅಪ್ಪ ಮೊದಲಿನ ಹಾಗೆಯೇ 'ಹಾ' ಎಂದು ಊದಿ, ಒರೆಸಿ, ಬೆಳಕಿಗೆ ಹಿಡಿದು, "ಗಾಜು ಚೆನ್ನಾಗಿದೆ ಸಾಬ್ರೇ" ಎಂದು ಕೊಡುವರು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ, ಬೇಕೆಂದೇ ನನ್ನ ಕನ್ನಡಕಕ್ಕೆ ಎಣ್ಣೆ ಬೆರಳು ಒತ್ತಿಕೊಂಡು. ಊಹೂಂ. ಊರಿನವರ ಗಾಜೆಲ್ಲ ಒಂದು ಕಡೆ, ನನ್ನ ಗಾಜು ಇನ್ನೊಂದು ಕಡೆ ಆಗಿಹೋಗಿತ್ತು.

ಅದೇ ಹಸಿರನ್ನು ಮತ್ತೆ ಬರಿಸುವುದೇ ಇದಕ್ಕೆ ಮದ್ದು ಎಂದು ನಾನು ನಿಶ್ಚಯಿಸಿದೆ. ಅದೂ ತೊಳೆದರೂ ಹೋಗದಂಥ ಹಸಿರು. ಇದೊಂದು ವಿಚಿತ್ರ ಗುರಿ, ಯಾವ ಅರ್ಜಿಯಲ್ಲೂ ಬರೆಯುವಂಥದ್ದಲ್ಲ. ಹಳೆಯ ಗೋಲಿಗಳ ಸೀಸೆ ಖಾಲಿಯಾಗಿತ್ತು. ಹೊಸ ಸೀಸೆಯವುಗಳ ಗಾತ್ರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಆದರೂ ಬೇರೆ. ಎದುರಿನ ರಸ್ತೆ ಅಗೆಯುವವರು ಸಂಶೋಧನಾಲಯದ ಕಡೆಗೇ ಮುಖ ಮಾಡಿಕೊಂಡು ಬಂದರು. ಶರಣು ಬೆಂಚಿನ ಕಾಲಿಗೆ ಹಳೆಯ ಸ್ಕೂಟರಿನ ಟ್ಯೂಬು ಕಟ್ಟಿ, "ಈಗ ಭೂಕಂಪ ಆದ್ರೂ ನಿಮ್ಮ ಗಿಳಿ ಮಲ್ಕೊಂಡಿರ್ತದ್ರಿ" ಎಂದ. ಮಲಗಿಯೇ ಇತ್ತು, ಏಳಲಿಲ್ಲ. ಮುಂದಿನ ನವರಾತ್ರಿ ಹತ್ತಿರವಾಗುವ ಹೊತ್ತಿಗೆ, ಎಲ್ಲರೂ ಕೈಬಿಟ್ಟ ಮೇಲೆ, ಒಂದು ಬಂತು. ಅಂಚಿನಲ್ಲೊಂದಿಷ್ಟು ಬಿರುಕು. ಈ ಸಲ ತಡಮಾಡದೆ ಹದವಾಗಿ ಬಿಸಿ ಮಾಡಿದೆ. ಗಿಳಿಹಸಿರು ಸ್ವಲ್ಪ ಕೆರೆಹಸಿರಾಯಿತು. ಆಗಲಿ ಎಂದುಕೊಂಡೆ. ಸೋಪಿನ ನೀರಿನಲ್ಲಿ ಅದ್ದಿ, ತೆಗೆದು, ಆರಿಸಿ, ಮತ್ತೆ ಅದ್ದಿ ನೋಡಿದೆ. ಗಟ್ಟಿಯಾಗಿತ್ತು.

ಆ ಸಲ ನಾಟಕ ಏನೂ ಇಟ್ಟುಕೊಳ್ಳಲಿಲ್ಲ. ಮನೆಗೆ ತಂದವಳೇ ಕಿಟಕಿಯ ಬೆಳಕಿನಲ್ಲಿ ಅಪ್ಪನಿಗೆ ತೋರಿಸಿದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಆ ಕಡೆ ಈ ಕಡೆ ತಲೆ ಆಡಿಸಿ ನೋಡಿದರು.

"ಪಾರಿವಾಳದ ಕತ್ತು" ಎಂದರು.

ಅವರಿಗೂ ನೆನಪಿತ್ತು.

"ನಾಳೆ ಪೂಜೆಗೆ ನೀವೇ ತೊಳೀಬೇಕಪ್ಪಾ. ಏನೂ ಆಗಲ್ಲ. ಬಿಸಿ ಮಾಡಿ ಗಟ್ಟಿ ಮಾಡಿದೀನಿ. ಉಜ್ಜದೆ ಸುಮ್ನೆ ಸೋಪಿನ ನೀರಲ್ಲಿ ಅದ್ದಿ ತೆಗೀರಿ."

"ಬೇಡಮ್ಮ, ಚೊಕ್ಕಟವಾಗೇ ಇದೆ."

"ತೊಳೀದೆ ಕುಂಕುಮ ಇಟ್ರೆ ಲಂಚ ಅಂತಿದ್ರಲ್ಲ?"

ಅಪ್ಪ ನಕ್ಕರು. ಬಹಳ ದಿನದ ಮೇಲೆ ನಕ್ಕರು. ಮರುದಿನ ಇಕ್ಕಳ, ತಿರುಪುಳಿ ತೊಳೆದಾದ ಮೇಲೆ, ಹಿತ್ತಲಿನ ನಲ್ಲಿಯ ಹತ್ತಿರ ಹೊಸ ಬಟ್ಟಲಿನಲ್ಲಿ ಸೋಪಿನ ನೀರು ಮಾಡಿಕೊಂಡು ಕೂತರು. ನಾನು ಎದುರಿಗೆ ಕೂತೆ, ಅಮ್ಮ ಬಾಗಿಲಲ್ಲಿ. ಗಾಜಿನ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು ಅಪ್ಪ ನೀರಿಗೆ ಇಳಿಸಿದರು. ಎಳೆಗೂಸಿಗೆ ನೀರು ಹಾಕುವವರ ಹಾಗೆ ಉಸಿರು ಬಿಗಿಹಿಡಿದು ತೆಗೆದರು.

ಹಸಿರು ಇರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಗೋಲಿಗಳ ನಡುವಿನ ಸಂದಿಗಳಲ್ಲಿ ಗಾಳಿ ಇದ್ದರೆ ಮಾತ್ರ ಬಣ್ಣ ಜೋರು. ಸಂದಿಗೆ ನೀರು ತುಂಬಿಕೊಂಡರೆ ಬಣ್ಣ ಮಂಕಾಗಿ ಸರಿದು ಬಹುಮಟ್ಟಿಗೆ ಕಾಣೆಯಾಗುತ್ತದೆ. ಆರಿದೊಡನೆ ಮರಳಿ ಬರುತ್ತದೆ. ನಮ್ಮ ಕೆಲಸದಲ್ಲಿರುವವರಿಗೆ ಇದು ಒಂದನೇ ಕ್ಲಾಸಿನ ಪಾಠ. ನಾನಂತೂ ಅದನ್ನು ಸಂಶೋಧನಾಲಯದಲ್ಲಿ ಅದ್ದಿ ಅದ್ದಿ ನೋಡಿದ್ದೆ. ಹೋಗುತ್ತದೆ, ಬರುತ್ತದೆ. ಎಷ್ಟು ಗೊತ್ತಿತ್ತೆಂದರೆ, ಇದನ್ನು ಅಪ್ಪನಿಗೆ ಹೇಳಬೇಕು ಎಂಬುದೇ ಹೊಳೆದಿರಲಿಲ್ಲ.

"ಅಪ್ಪಾ, ಅದು..." ಎನ್ನುವಷ್ಟರಲ್ಲಿ ಅವರು ಗಾಜನ್ನು ಬಟ್ಟಲಿನ ಪಕ್ಕದಲ್ಲಿ ಕಲ್ಲಿನ ಮೇಲೆ ಮಲಗಿಸಿ ಎದ್ದಾಗಿತ್ತು. "ನಾನು ಉಜ್ಜಲಿಲ್ಲಮ್ಮ. ನೀನೇ ನೋಡ್ದೆಯಲ್ಲ. ಉಜ್ಜಲಿಲ್ಲ."

"ಹೋಗಿಲ್ಲಪ್ಪಾ! ಒಣಗಿದ್ರೆ ಬರತ್ತೆ, ಕೂತ್ಕೊಳ್ಳಿ, ಈಗ ಬರತ್ತೆ" ಎಂದು ನಾನು ಅವರ ಕೈ ಹಿಡಿದೆ. ಅವರು ಮೆಲ್ಲಗೆ ಬಿಡಿಸಿಕೊಂಡರು. ಹೋದ ವರ್ಷದ ಆ 'ಪರವಾಗಿಲ್ಲ'ದ ಜೊತೆಗೆ ಇದನ್ನೂ ಸೇರಿಸಿಕೊಂಡರು ಎಂದು ಕಾಣುತ್ತದೆ. ಒಳಗೆ ಹೋಗಿ ಕೋಣೆಯಲ್ಲಿ ಮಂಚದ ಮೇಲೆ ಕೂತರು.

ಬಿಸಿಲಿಗೆ ಗಾಜು ಆರತೊಡಗಿತು. ಒಂದು ಮೂಲೆಯಿಂದ ಹಸಿರು ಹೊರಟು ನಿಧಾನವಾಗಿ ಇಡೀ ಪಟ್ಟಿಗೆ ಹಬ್ಬಿತು. ಅದನ್ನು ಅವರು ನೋಡಿದ್ದರೆ! ನಾನು ಗಾಜು ಹಿಡಿದು ಕೋಣೆಗೆ ಓಡಿದೆ. ಅಪ್ಪ ನೋಡಿದರು. ಸುಳ್ಳಲ್ಲ ಎಂಬುದು ಗೊತ್ತಾಯಿತು. "ಬಂತಾ? ಒಳ್ಳೇದಾಯ್ತಮ್ಮ" ಎಂದರು. ಸಂತೋಷದಿಂದಲೇ ಎಂದರು. ಆದರೆ ಕೈ ಮುಂದೆ ಬರಲಿಲ್ಲ. "ಕುಂಕುಮ ನೀನೇ ಇಟ್ಬಿಡು."

ಆಗ ನನಗೆ ಏನನ್ನಿಸಿತೋ, ನನ್ನ ಕನ್ನಡಕ ತೆಗೆದು ಅವರ ಮುಂದೆ ಹಿಡಿದೆ. ಕುಂಬಳಕಾಯಿಯ ಬೂದಿ, ಬೆವರು, ಸೋಪಿನ ಹನಿ, ಎಲ್ಲ ಅದರ ಮೇಲಿತ್ತು. "ಇದನ್ನಾದ್ರೂ ಒರೆಸ್ಕೊಡಿ ಅಪ್ಪಾ. ಇದು ನಿಮ್ ಗಾಜೇ. ನೀವೇ ಕೂರಿಸಿದ್ದು."

ಕನ್ನಡಕವಿಲ್ಲದ ನನ್ನ ಕಣ್ಣಿಗೆ ಅವರ ಮುಖ ಮಬ್ಬಾಗಿತ್ತು. ಅವರು ಅದನ್ನು ತೆಗೆದುಕೊಂಡದ್ದು, ಬೆಳಕಿಗೆ ಹಿಡಿದದ್ದು ಅಷ್ಟೇ ಕಂಡಿತು. 'ಹಾ' ಎನ್ನುತ್ತಾರೆಂದು ಕಾದೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಅಂಗೈಯಲ್ಲಿ ಕನ್ನಡಕ ಬಂದು ಕೂತಿತು, ಅದರ ಜೊತೆಗೆ ಮೆತ್ತಗಿನದು ಇನ್ನೊಂದು.

"ಬಟ್ಟೆ ನೀನೇ ಇಟ್ಕೊಮ್ಮ. ನಿನ್ ಗಾಜಿನ ವಿಷ್ಯ ನಂಗೆ ಗೊತ್ತಾಗಲ್ಲ."

ಅಂದಿನಿಂದ ಈ ಹಳದಿ ಬಟ್ಟೆ ನನ್ನ ಬಳಿ ಇದೆ. ಹಸಿರು ಗಾಜು ನಡುಮನೆಯ ಶೋಕೇಸಿನಲ್ಲಿದೆ. ಬಂದವರಿಗೆಲ್ಲ ಅಪ್ಪ ಅದನ್ನು ದೂರದಿಂದ ಬೆರಳು ಮಾಡಿ ತೋರಿಸಿ, ಬಣ್ಣವೇ ಹಾಕದೆ ಬಂದ ಬಣ್ಣ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಶೋಕೇಸಿನ ಹೊರಗಾಜಿನ ಮೇಲೆ ಧೂಳು ಕೂತಿರುತ್ತದೆ. ಅದನ್ನೂ ಅವರು ಮುಟ್ಟುವುದಿಲ್ಲ.

ನಾನು ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅಪ್ಪ ಪೇಪರು ಹಿಡಿದು ಕೂತಿರುವ ಕುರ್ಚಿಯ ಎದುರಿಗೇ ಹೋಗಿ ನಿಲ್ಲುತ್ತೇನೆ. ಕನ್ನಡಕ ತೆಗೆದು, ಈ ಬಟ್ಟೆಯಲ್ಲಿ, ಬೇಕೆಂದೇ, ದೋಸೆ ಹುಯ್ಯುವ ಹಾಗೆ ಸುತ್ತಿಸಿ ಸುತ್ತಿಸಿ ಒರೆಸುತ್ತೇನೆ. ಪೇಪರು ಕೆಳಗಿಳಿಯುತ್ತದೆ. ಅಪ್ಪ ನನ್ನ ಕೈಯನ್ನೇ ನೋಡುತ್ತಾ ಕೂತಿರುತ್ತಾರೆ. ಬೈಯುವುದಿಲ್ಲ.